ಕರಿಬೇವಿನ ಗಿಡದ ಕಣಜಕ್ಕೆ ಹೆಸರಿದೆಯೇ?

ಕಳೆದ ಸಂಚಿಕೆಯಲ್ಲಿ ಪರಾವಲಂಬಿ ಕಣಜಗಳ ಬಗ್ಗೆ ಬರೆದ ಮೇಲೆ ಬಂದ ಪತ್ರಗಳಲ್ಲಿ ಕೆಲವನ್ನು ಇಲ್ಲಿ ಆರಿಸಿಕೊಂಡಿದ್ದೇನೆ. ಬೇರೊಂದು ಕೀಟದ ಒಡಲಲ್ಲೋ ಮೊಟ್ಟೆಯಲ್ಲೋ ಬೆಳೆದು, ಕೊನೆಗೆ ಅದನ್ನು ಕೊಂದೇ ಹೊರಬರುವ ಕಣಜಗಳಿವು. ಕೃಷಿ ಇಲಾಖೆಯ ಕರಪತ್ರಗಳಲ್ಲಿ ‘ಪರತಂತ್ರ ಜೀವಿ’ ಎಂದು ಕಾಣಿಸಿಕೊಳ್ಳುವುದೂ ಇವೇ. ಹೆಬ್ಬಾಳದ ಆಸುಪಾಸಿನಲ್ಲಿ ಸೂಕ್ಷ್ಮದರ್ಶಕದ ಮುಂದೆ ಕುಳಿತು ಇವುಗಳನ್ನು ಗುರುತಿಸುವುದೇ ನನ್ನ ವೃತ್ತಿಯಾಗಿತ್ತು. ನಿವೃತ್ತಳಾದ ಮೇಲೂ ಆ ಆಸಕ್ತಿ ಬಿಟ್ಟಿಲ್ಲ.

ಪ್ರಶ್ನೆ: ತಾರಸಿಯ ಕುಂಡದಲ್ಲಿ ಬೆಳೆಸಿದ ಕರಿಬೇವಿನ ಮೇಲೆ ಒಂದು ಹಸಿರು ಹುಳುವಿತ್ತು. ಒಂದು ದಿನ ಅದರ ಮೈಗೆ ನುಚ್ಚಕ್ಕಿಯಂಥ ಬಿಳಿ ಮೊಟ್ಟೆಗಳು ಅಂಟಿಕೊಂಡಿದ್ದವು. ಎಲೆಸಮೇತ ಜಾಡಿಗೆ ಹಾಕಿ, ಬಾಯಿಗೆ ತೆಳು ಬಟ್ಟೆ ಕಟ್ಟಿಟ್ಟೆ. ಹುಳು ಸತ್ತುಹೋಯಿತು. ಕೆಲವು ದಿನಗಳಲ್ಲಿ ಸಣ್ಣ ಇರುವೆಯ ಗಾತ್ರದ ಕಪ್ಪು ಕಣಜಗಳು ಹೊರಬಂದವು. ಕೀಟ ಗುರುತಿಸುವ ಮೊಬೈಲ್ ಆ್ಯಪ್‌ಗೆ ಫೋಟೋ ಹಾಕಿದರೆ ‘ಕಣಜ’ ಎಂದಷ್ಟೇ ಹೇಳಿತು. ಇದು ಹೊಸ ಪ್ರಭೇದ ಇರಬಹುದೇ, ಮೇಡಂ? ಚಿಟ್ಟೆಯಾಗಬೇಕಿದ್ದ ಹುಳು ಹೀಗಾಯಿತಲ್ಲ ಎಂಬ ಬೇಸರವೂ ಇದೆ.
– ಗೃಹಿಣಿ, ಬನಶಂಕರಿ

ಉತ್ತರ: ಜಾಡಿಯ ಬಾಯಿಗೆ ಬಟ್ಟೆ ಕಟ್ಟಿದಿರಲ್ಲ, ಮೊದಲು ಅದಕ್ಕೆ ಶಹಬ್ಬಾಸ್. ನಮ್ಮ ಸಂಗ್ರಹಾಲಯಗಳಲ್ಲಿರುವ ಎಷ್ಟೋ ಕಣಜಗಳಿಗೆ ಇಲ್ಲದ ಒಂದು ಮಾಹಿತಿ ನಿಮ್ಮ ಜಾಡಿಯಲ್ಲಿದೆ. ಈ ಕಣಜ ಯಾವ ಗಿಡದ, ಯಾವ ಹುಳುವಿನಿಂದ ಹೊರಬಂತು ಎಂಬುದನ್ನು ನೀವು ಕಣ್ಣಾರೆ ಕಂಡಿದ್ದೀರಿ.

ನೀವು ಮೊಟ್ಟೆ ಎಂದುಕೊಂಡದ್ದು ಕಣಜದ ಗೂಡುಗಳು. ಹುಳು ಇನ್ನೂ ಚಿಕ್ಕದಿದ್ದಾಗಲೇ ತಾಯಿ ಕಣಜ ಅದರ ಮೈಯೊಳಗೆ ಮೊಟ್ಟೆಯಿಟ್ಟು ಹೋಗಿರುತ್ತದೆ. ಮರಿಗಳು ಒಳಗೇ ಹುಳುವಿನ ರಸ, ಕೊಬ್ಬು ಹೀರಿ ಬೆಳೆದು, ಬಲಿತ ಮೇಲೆ ಚರ್ಮ ಕೊರೆದು ಹೊರಗೆ ಬಂದು, ಅಲ್ಲಿಯೇ ನೂಲು ಸುತ್ತಿಕೊಂಡು ಕೋಶಾವಸ್ಥೆಗೆ ಹೋಗುತ್ತವೆ. ಈ ಗುಂಪಿನ ಕಣಜಗಳಲ್ಲಿ ಇನ್ನೊಂದು ಬೆರಗಿನ ಏರ್ಪಾಟಿದೆ. ಮೊಟ್ಟೆಯ ಜೊತೆಗೆ ತಾಯಿ ತನ್ನ ಅಂಡಾಶಯದಲ್ಲಿ ತಯಾರಾದ ವೈರಸ್ ಕಣಗಳನ್ನೂ ಚುಚ್ಚುತ್ತದೆ. ಅವು ಹುಳುವಿನ ರೋಗನಿರೋಧಕ ಶಕ್ತಿಯನ್ನು ಅಡಗಿಸಿ ಕಣಜದ ಮೊಟ್ಟೆಗೆ ರಕ್ಷಣೆ ಕೊಡುತ್ತವೆ. ವೃತ್ತಿಜೀವನವಿಡೀ ಇವುಗಳನ್ನೇ ನೋಡಿದ್ದರೂ ಇದನ್ನು ಬರೆಯುವಾಗ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ.

ಇನ್ನು ಹೊಸದೇ ಎಂಬ ಮಾತು. ಆ್ಯಪ್‌ಗೆ ಗೊತ್ತಿಲ್ಲದ ಮಾತ್ರಕ್ಕೆ ವಿಜ್ಞಾನಕ್ಕೂ ಗೊತ್ತಿಲ್ಲ ಎಂದು ತೀರ್ಮಾನಿಸಲಾಗದು. ನಿಮ್ಮ ಕಣಜ ನನ್ನ ಮೇಜಿಗೆ ಬಂದರೆ ಮೊದಲು ಮುಂದಿನ ರೆಕ್ಕೆ ನೋಡುತ್ತೇನೆ. ಪರಾವಲಂಬಿ ಕಣಜಗಳ ಎರಡು ದೊಡ್ಡ ಕುಟುಂಬಗಳೆಂದರೆ ಇಕ್ನ್ಯೂಮೊನಿಡೆ ಮತ್ತು ಬ್ರಾಕೊನಿಡೆ. ರೆಕ್ಕೆಯ ಹೊರ ಅರ್ಧದಲ್ಲಿ ಹಾಯುವ ಒಂದು ಅಡ್ಡನರ ಮೊದಲನೆಯದರಲ್ಲಿ ಇರುತ್ತದೆ, ಎರಡನೆಯದರಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಬ್ರಾಕೊನಿಡೆ ಎಂದಾದರೆ ಮೀಸೆಯ ಗೆಣ್ಣುಗಳನ್ನು ಎಣಿಸುತ್ತೇನೆ. ಬುಡದಿಂದ ತುದಿಯವರೆಗೆ 18 ಇದ್ದರೆ ಮೈಕ್ರೋಗ್ಯಾಸ್ಟ್ರಿನೆ ಎಂಬ ಉಪಕುಟುಂಬದ ಕಡೆಗೆ ನಡೆಯುತ್ತೇನೆ. ಆಮೇಲೆ ಎದೆಯ ಹಿಂತುದಿಯ ಇಳಿಜಾರು ಫಲಕ: ಅದು ನಯವಾಗಿದೆಯೋ, ಅದರ ಮೇಲೆ ಏಣುಗಳಿವೆಯೋ? ಹೊಟ್ಟೆಯ ಮೊದಲ ಬೆನ್ನುಫಲಕ ಹಿಂದಕ್ಕೆ ಹೋಗುತ್ತಾ ಅಗಲವಾಗುತ್ತದೆಯೋ ಕಿರಿದಾಗುತ್ತದೆಯೋ? ಮೊಟ್ಟೆಯಿಡುವ ಅಂಡನಳಿಕೆಯ ಒರೆಯ ಮೇಲೆ ರೋಮ ಎಲ್ಲಿಯವರೆಗೆ ಇದೆ? ಮೊಬೈಲ್ ಫೋಟೋದಲ್ಲಿ ಇವು ಯಾವುವೂ ಕಾಣುವುದಿಲ್ಲ.

ಕರಿಬೇವು, ನಿಂಬೆಯ ಗಿಡಗಳನ್ನು ಮೇಯುವ ಪ್ಯಾಪಿಲಿಯೊ ಡೆಮೋಲಿಯಸ್ ಚಿಟ್ಟೆಯ ಹುಳುವಿಗೆ ಡಿಸ್ಟಾಟ್ರಿಕ್ಸ್ ಪ್ಯಾಪಿಲಿಯೊನಿಸ್ ಎಂಬ ಮೈಕ್ರೋಗ್ಯಾಸ್ಟ್ರಿನೆ ಕಣಜ ತಗಲುವುದು ಹಿಂದಿನಿಂದ ದಾಖಲಾಗಿರುವ ಸಂಗತಿ. ನನ್ನ ಮೊದಲ ಅನುಮಾನ ಅದರ ಮೇಲೆಯೇ. ಆದರೆ ಅದೇ ಗಿಡಕ್ಕೆ ಬೇರೆ ಚಿಟ್ಟೆಯ ಹುಳುಗಳೂ ಬರುತ್ತವೆ. ಆದ್ದರಿಂದ ಕಣಜಗಳನ್ನೂ ಖಾಲಿ ಗೂಡುಗಳನ್ನೂ ಸತ್ತ ಹುಳುವನ್ನೂ ಒಂದೇ ಸೀಸೆಯಲ್ಲಿ ಸ್ಪಿರಿಟ್ ಹಾಕಿ ಇಡಿ. ಔಷಧಿ ಅಂಗಡಿಯ ಸರ್ಜಿಕಲ್ ಸ್ಪಿರಿಟ್ ಸದ್ಯಕ್ಕೆ ಸಾಕು. ಊರು, ಬಡಾವಣೆ, ತಾರೀಖು, ಗಿಡ, ಹುಳು, ನಿಮ್ಮ ಹೆಸರು ಇಷ್ಟನ್ನು ಪೆನ್ಸಿಲಿನಲ್ಲಿ ಬರೆದ ಚೀಟಿಯನ್ನು ಸೀಸೆಯ ಒಳಗೇ ಹಾಕಿ. ಬಾಲ್‌ಪೆನ್ ಶಾಯಿ ಸ್ಪಿರಿಟ್‌ನಲ್ಲಿ ಕರಗಿ ಹೋಗುತ್ತದೆ.

ಬೇಸರ ಮಾಡಿಕೊಳ್ಳಬೇಡಿ. ಈ ಕಣಜಗಳು ಇಲ್ಲದಿದ್ದರೆ ನಿಮ್ಮ ಸಾರಿಗೆ ಒಗ್ಗರಣೆ ಹಾಕಲು ಕರಿಬೇವಿನ ಒಂದು ಎಸಳೂ ಉಳಿಯುತ್ತಿರಲಿಲ್ಲ.

ಪ್ರಶ್ನೆ: ಕೃಷಿ ಕೀಟಶಾಸ್ತ್ರದಲ್ಲಿ ಎಂ.ಎಸ್‌ಸಿ. ಓದುತ್ತಿದ್ದೇನೆ. ಒಂದು ಕಣಜ ನಿಜಕ್ಕೂ ಹೊಸ ಪ್ರಭೇದ ಎಂದು ಸಾಧಿಸುವುದು ಹೇಗೆ? ಡಿಎನ್ಎ ಪರೀಕ್ಷೆ ಮಾಡಿಸಿದರೆ ಸಾಲದೇ? ಸೂಕ್ಷ್ಮದರ್ಶಕದ ಕೆಲಸ ಹಳೆಯ ಕಾಲದ್ದು ಎಂದು ನನ್ನ ಸಹಪಾಠಿಗಳು ಹೇಳುತ್ತಾರೆ.
– ವಿದ್ಯಾರ್ಥಿ, ಯಲಹಂಕ

ಉತ್ತರ: ಹೊಸದು ಎಂದು ಹೇಳುವವರು ಹಳೆಯದನ್ನೆಲ್ಲ ನೋಡಿರಬೇಕು. ನಮ್ಮ ಕೆಲಸದ ಬಹುಪಾಲು ಅದೇ. ಪ್ರಾಣಿಗಳ ವೈಜ್ಞಾನಿಕ ಹೆಸರುಗಳ ಲೆಕ್ಕ ಶುರುವಾಗುವುದು 1758ರಿಂದ. ನಿನ್ನ ಕಣಜ ಯಾವ ಕುಲಕ್ಕೆ, ಅಂದರೆ ಹತ್ತಿರದ ಪ್ರಭೇದಗಳ ಯಾವ ಗುಂಪಿಗೆ, ಸೇರುತ್ತದೆ ಎಂದು ಗೊತ್ತಾದ ಮೇಲೆ, ಅಂದಿನಿಂದ ಇಂದಿನವರೆಗೆ ಆ ಕುಲದಲ್ಲಿ ಯಾರು ಯಾವ ದೇಶದಲ್ಲಿ ಏನನ್ನು ಹೆಸರಿಸಿದ್ದರೂ ಅದನ್ನು ಹುಡುಕಿ ಓದಬೇಕು. ಭಾರತದ ಕಣಜಗಳನ್ನು ವಿವರಿಸಿದ ಹಳಬರಲ್ಲಿ 1912ರಲ್ಲಿ ತೀರಿಕೊಂಡ ಪೀಟರ್ ಕ್ಯಾಮರಾನ್ ಒಬ್ಬರು. ಅಂಥವರ ವಿವರಣೆಗಳು ಎಷ್ಟೋ ಸಲ ಬಣ್ಣ, ಉದ್ದ ಹೇಳಿ ಮುಗಿದುಬಿಡುತ್ತವೆ. ಆ ಸಾಲುಗಳನ್ನಷ್ಟೇ ನಂಬಿ ‘ಇದು ಅದಲ್ಲ’ ಎನ್ನಲಾಗದು. ಆಗ ಮೂಲಮಾದರಿಯನ್ನೇ, ಅಂದರೆ ಹೆಸರು ಕೊಟ್ಟಾಗ ಆಧಾರವಾಗಿಟ್ಟುಕೊಂಡ ಆ ಒಂದು ಕೀಟವನ್ನೇ ನೋಡಬೇಕಾಗುತ್ತದೆ. ನಮ್ಮ ದೇಶದ ಎಷ್ಟೋ ಕಣಜಗಳ ಮೂಲಮಾದರಿಗಳು ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಮ್ಮಿನಲ್ಲಿವೆ. ಫೋಟೋ ತರಿಸಿಕೊಳ್ಳುವುದಕ್ಕೇ ತಿಂಗಳುಗಳು ಹಿಡಿಯಬಹುದು. ತಾಳ್ಮೆ ಬೇಕು.

ವ್ಯತ್ಯಾಸ ಕಂಡಿತು ಎಂದುಕೊಳ್ಳೋಣ. ಅದು ಎಂಥ ವ್ಯತ್ಯಾಸ? ದೊಡ್ಡ ಹುಳುವಿನಲ್ಲಿ ಬೆಳೆದ ಕಣಜ ದೊಡ್ಡದಾಗುತ್ತದೆ, ಚಿಕ್ಕದರಲ್ಲಿ ಬೆಳೆದದ್ದು ಚಿಕ್ಕದಾಗುತ್ತದೆ. ಚಳಿಗಾಲದಲ್ಲಿ ಬಂದದ್ದರ ಬಣ್ಣ ಕಪ್ಪಗಿರಬಹುದು. ಇವನ್ನು ನಂಬಿ ಹೆಸರಿಟ್ಟರೆ ಒಂದೇ ಪ್ರಭೇದಕ್ಕೆ ಎರಡು ಮೂರು ಹೆಸರು ಬೀಳುತ್ತವೆ. ಆದ್ದರಿಂದ ಅನುಪಾತಗಳನ್ನು ಅಳೆಯುತ್ತೇವೆ. ನೆತ್ತಿಯ ಮೇಲೆ ಮೂರು ಒಂಟಿಗಣ್ಣುಗಳಿವೆ. ಹಿಂದಿನ ಎರಡರ ನಡುವಿನ ಅಂತರಕ್ಕೂ ಅವುಗಳಿಂದ ದೊಡ್ಡ ಕಣ್ಣಿನ ಅಂಚಿಗಿರುವ ಅಂತರಕ್ಕೂ ಇರುವ ಅನುಪಾತ ಅಂಥದ್ದೊಂದು. ಗಾತ್ರ ಹೆಚ್ಚು ಕಡಿಮೆಯಾದಷ್ಟು ಸುಲಭವಾಗಿ ಅದು ಬದಲಾಗುವುದಿಲ್ಲ. ಒಂದೇ ಕಣಜ ಸಾಲದು. ಹೆಣ್ಣು ಗಂಡು ಎರಡೂ ಇದ್ದರೆ, ಬೇರೆ ಬೇರೆ ಜಾಗದವೂ ಇದ್ದರೆ ಮಾತಿಗೆ ಬಲ ಬರುತ್ತದೆ. ಬರೆದ ಮೇಲೆ ಒಂದನ್ನು ಹೋಲೋಟೈಪ್, ಅಂದರೆ ಮೂಲಮಾದರಿ, ಎಂದು ಗೊತ್ತುಮಾಡಿ, ಅದನ್ನು ಯಾವ ಸಂಗ್ರಹಾಲಯದಲ್ಲಿ ಇಡುತ್ತೇವೆ ಎಂದು ಪ್ರಬಂಧದಲ್ಲಿಯೇ ಹೇಳಬೇಕು. 2000ದಿಂದ ಈಚೆಗೆ ಪ್ರಾಣಿನಾಮಕರಣದ ಅಂತಾರಾಷ್ಟ್ರೀಯ ಸಂಹಿತೆ ಇದನ್ನು ಕಡ್ಡಾಯ ಮಾಡಿದೆ. ಪತ್ರಿಕೆ ಬರೀ ವಿದ್ಯುನ್ಮಾನ ರೂಪದಲ್ಲಿ ಬರುವುದಾದರೆ ಪ್ರಕಟಣೆಗೆ ಮೊದಲು ಜೂಬ್ಯಾಂಕ್ ಎಂಬ ದಾಖಲೆಯಲ್ಲಿ ನೋಂದಣಿಯೂ ಆಗಬೇಕು.

ಡಿಎನ್ಎ ಬಗ್ಗೆ ನಿನ್ನ ಸಹಪಾಠಿಗಳು ಹೇಳುವುದರಲ್ಲಿ ಹುರುಳಿದೆ. 2003ರಲ್ಲಿ ಪಾಲ್ ಹೆಬರ್ಟ್ ಮತ್ತು ಸಂಗಡಿಗರು ಮುಂದಿಟ್ಟ ಬಾರ್‌ಕೋಡ್ ವಿಧಾನದಲ್ಲಿ ಮೈಟೊಕಾಂಡ್ರಿಯದ ಒಂದು ಜೀನಿನ ಸುಮಾರು 658 ಅಕ್ಷರಗಳ ತುಣುಕನ್ನು ಓದುತ್ತಾರೆ. ಕಣ್ಣಿಗೆ ಒಂದೇ ಎಂದು ಕಂಡ ಕಣಜಗಳು ಅದರಿಂದ ಹಲವು ಪ್ರಭೇದಗಳಾಗಿ ಬೇರ್ಪಟ್ಟದ್ದುಂಟು. ಆದರೆ ಕಣಜಗಳ ಒಡಲಲ್ಲಿ ವೊಲ್ಬಾಕಿಯ ಎಂಬ ಬ್ಯಾಕ್ಟೀರಿಯ ಬಹಳ ಸಾಮಾನ್ಯ. ಅದು ತಾಯಿಯಿಂದ ಮಕ್ಕಳಿಗೆ ದಾಟುವಾಗ ಮೈಟೊಕಾಂಡ್ರಿಯವನ್ನೂ ಜೊತೆಗೆ ಎಳೆದೊಯ್ಯುತ್ತದೆ. ಹಾಗಾಗಿ ಬಾರ್‌ಕೋಡ್ ಕೆಲವೊಮ್ಮೆ ದಾರಿ ತಪ್ಪಿಸುತ್ತದೆ. 2021ರಲ್ಲಿ ಕೋಸ್ಟರಿಕದ 403 ಬ್ರಾಕೊನಿಡ್ ಕಣಜಗಳನ್ನು ಒಂದೇ ಪ್ರಬಂಧದಲ್ಲಿ ಹೊಸ ಪ್ರಭೇದಗಳೆಂದು ಸಾರಿದರು. ಬಹುತೇಕ ಎಲ್ಲಕ್ಕೂ ಲಕ್ಷಣ ಎಂದರೆ ಬಾರ್‌ಕೋಡ್ ಮತ್ತು ಒಂದು ಚಿತ್ರ. ಹೆಸರಿಲ್ಲದೆ ಅಳಿದುಹೋಗುವ ಮುನ್ನ ದಾಖಲಿಸಬೇಕೆಂಬ ಅವರ ಆತುರ ನನಗೆ ಅರ್ಥವಾಗುತ್ತದೆ. ಆದರೂ ಆ ದಾರಿ ನಮಗೆ ಬೇಡ ಎನ್ನುವುದು ನನ್ನ ಖಚಿತ ಅಭಿಪ್ರಾಯ. ತಾಲ್ಲೂಕಿನ ಕೃಷಿ ಅಧಿಕಾರಿ ಭೂತಗನ್ನಡಿ ಹಿಡಿದು ಗುರುತಿಸಲಾಗದ ಹೆಸರು ರೈತನ ಹೊಲಕ್ಕೆ ತಲುಪುವುದಿಲ್ಲ.

ನಮ್ಮ ಊರಿನದೇ ಒಂದು ಕೆಲಸವನ್ನು ನೀನು ಓದಲೇಬೇಕು. ಕಬ್ಬಿನ ಕಾಂಡಕೊರಕದ ಮೊಟ್ಟೆಯೊಳಗೆ ಮೊಟ್ಟೆಯಿಡುವ ಟ್ರೈಕೋಗ್ರಾಮ ಕಣಜ ಗೊತ್ತಲ್ಲ, ರೈತರು ಕಾರ್ಡುಗಳಲ್ಲಿ ತಂದು ಎಲೆಗೆ ಕಟ್ಟುವುದು. ಅದು ಅರ್ಧ ಮಿಲಿಮೀಟರಿನ ಆಸುಪಾಸು. ಹೆಣ್ಣುಗಳನ್ನು ಸಾಲಾಗಿ ಇಟ್ಟರೆ ಪ್ರಭೇದ ಬೇರೆ ಮಾಡುವುದು ಕಡುಕಷ್ಟ. 1957ರಲ್ಲಿ ಬೆಂಗಳೂರಿನಲ್ಲಿ ಕಾಮನ್‌ವೆಲ್ತ್ ಜೈವಿಕ ನಿಯಂತ್ರಣ ಸಂಸ್ಥೆಯ ಭಾರತೀಯ ಕೇಂದ್ರ ಶುರುವಾಗಿತ್ತು. ಅಲ್ಲಿದ್ದ ಸುಧಾ ನಾಗರಕಟ್ಟಿ ಮತ್ತು ಎಚ್. ನಾಗರಾಜ ಅವರು 1971ರ ಪ್ರಬಂಧದಲ್ಲಿ ಗಂಡಿನ ಜನನಾಂಗದ ರಚನೆಯೇ ನೆಚ್ಚಬಹುದಾದ ಗುರುತು ಎಂದು ಚಿತ್ರಸಮೇತ ತೋರಿಸಿದರು. ಆ ರಚನೆಯನ್ನು ಕಾಣುವುದು ಸೂಕ್ಷ್ಮವಾದ ಕೆಲಸ. ಗಂಡನ್ನು ಪೊಟ್ಯಾಶಿಯಂ ಹೈಡ್ರಾಕ್ಸೈಡ್ ದ್ರಾವಣದಲ್ಲಿಟ್ಟು ಒಳಗಿನ ಮಾಂಸ ಕರಗಿಸಬೇಕು. ಬಳಿಕ ಅದನ್ನು ಲವಂಗದ ಎಣ್ಣೆಗೆ ದಾಟಿಸಿ, ಗಾಜಿನ ಪಟ್ಟಿಯ ಮೇಲೆ ಕೆನಡಾ ಬಾಲ್ಸಂ ತೊಟ್ಟಿನಲ್ಲಿ ಹೊಟ್ಟೆಯ ತುದಿ ಚೆನ್ನಾಗಿ ಕಾಣುವಂತೆ ಮಲಗಿಸಬೇಕು. ಮೇಲಿನ ಗಾಜು ಇಡುವಾಗ ಕೈ ಚೂರು ಅದುರಿದರೂ ಅದು ಮಗುಚಿಕೊಳ್ಳುತ್ತದೆ. ಸರಿಯಾಗಿ ಕೂತಾಗ ಜೇನುಬಣ್ಣದ ಆ ಪುಟ್ಟ ಕವಚದ ಅಂಚು, ಮುಚ್ಚಳ ಎಲ್ಲವೂ ಗೆರೆ ಕೊರೆದಂತೆ ಕಾಣುತ್ತವೆ.

ನಮ್ಮ ದೇಶದ ಈ ಟ್ರೈಕೋಗ್ರಾಮಕ್ಕೆ ಬಹುಕಾಲ ಆಸ್ಟ್ರೇಲಿಕಮ್ ಎಂಬ ಹೆಸರು ನಡೆಯಿತು. ಆಮೇಲೆ ಅದು ಕನ್‌ಫ್ಯೂಸಮ್ ಆಯಿತು. ಕೊನೆಗೆ, ಜಪಾನಿನ ಇಶಿಯಿ 1941ರಲ್ಲಿಯೇ ಹೆಸರಿಸಿದ್ದ ಚಿಲೋನಿಸ್ ಇದೇ ಎಂದು ಸ್ಥಿರವಾಯಿತು. ಅದನ್ನು ಸ್ಥಿರಪಡಿಸಿದ್ದು ಗಂಡಿನ ಆ ಗಾಜಿನ ಪಟ್ಟಿಗಳು. ಇದನ್ನು ಹಳೆಯ ಕಾಲದ ಕೆಲಸ ಎನ್ನುವವರಿಗೆ ಒಮ್ಮೆ ಅಂಥ ಒಂದು ಗಾಜಿನ ಪಟ್ಟಿ ಮಾಡಿ ನೋಡಲು ಹೇಳು.

ಪ್ರಶ್ನೆ: ನಾವು ರೇಷ್ಮೆ ಬೆಳೆಗಾರರು. ರೇಷ್ಮೆಹುಳುವನ್ನು ಕೊಲ್ಲುವ ಊಜಿ ನೊಣಕ್ಕೆ ಇಲಾಖೆಯವರು ಕಣಜ ಕೊಡುತ್ತಾರೆ. ಅದು ರೇಷ್ಮೆಹುಳುವಿಗೇ ಬಿದ್ದರೆ ಗತಿಯೇನು? ಹೆಸರು ಗೊತ್ತಾದರೆ ನಮ್ಮಂಥವರಿಗೆ ಆಗುವ ಲಾಭವಾದರೂ ಏನು?
– ರೈತರು, ವಿಜಯಪುರ, ದೇವನಹಳ್ಳಿ ತಾಲ್ಲೂಕು

ಉತ್ತರ: ಹೆದರಬೇಡಿ. ಆ ಕಣಜ ನೆಸೊಲಿಂಕ್ಸ್ ಥೈಮಸ್. ಅದು ಊಜಿ ನೊಣದ ಕೋಶವನ್ನು ಚುಚ್ಚಿ ಒಳಗೆ ಮೊಟ್ಟೆಯಿಡುತ್ತದೆ, ನಿಮ್ಮ ಹುಳುವಿನ ತಂಟೆಗೆ ಬರುವುದಿಲ್ಲ. ಊಜಿ ಕರ್ನಾಟಕಕ್ಕೆ ಕಾಲಿಟ್ಟದ್ದು 1980ರಲ್ಲಿ, ಬಂಗಾಳದ ಕಡೆಯಿಂದ. ಹುಳು ಸಾಕುವ ಮನೆಯಲ್ಲಿ ಕೀಟನಾಶಕ ಹೊಡೆಯುವಂತಿಲ್ಲ ಎನ್ನುವುದು ನನಗಿಂತ ನಿಮಗೆ ಚೆನ್ನಾಗಿ ಗೊತ್ತು. ಹಾಗಾಗಿಯೇ ಈ ಕಣಜದ ಮೊರೆಹೋದದ್ದು. ಇದು ರೇಷ್ಮೆಹುಳುವಿಗೆ ಬೀಳುವುದಿಲ್ಲ ಎಂಬ ಭರವಸೆಯನ್ನು ಹೆಸರು ಖಚಿತವಾಗಿರುವ ಕಣಜದ ಬಗ್ಗೆ ಮಾತ್ರ ಕೊಡಲು ಸಾಧ್ಯ.

ಲಾಭದ ಮಾತಿಗೆ ನಿಮ್ಮ ಹಿಪ್ಪುನೇರಳೆ ತೋಟದಿಂದಲೇ ಉದಾಹರಣೆ ಕೊಡುತ್ತೇನೆ. ಪಪ್ಪಾಯಿಯ ಬಿಳಿ ಹಿಟ್ಟುತಿಗಣೆ ನೆನಪಿರಬೇಕು. 2008ರಲ್ಲಿ ಕೊಯಮತ್ತೂರಿನ ಕಡೆ ಕಾಣಿಸಿಕೊಂಡು ಪಪ್ಪಾಯಿ, ಮರಗೆಣಸು, ಹಿಪ್ಪುನೇರಳೆ ಎಲ್ಲವನ್ನೂ ಹಿಡಿಯಿತು. ಹಿಟ್ಟುತಿಗಣೆಗಳೆಲ್ಲ ನೋಡಲು ಒಂದೇ ತರಹ. ಆದರೆ ಇದು ಪ್ಯಾರಾಕೋಕಸ್ ಮಾರ್ಜಿನೇಟಸ್, ತವರು ಮೆಕ್ಸಿಕೊ ಮತ್ತು ಮಧ್ಯ ಅಮೆರಿಕ ಎಂದು ಖಚಿತವಾದ ಕೂಡಲೇ ಅದರ ಶತ್ರುವನ್ನು ಎಲ್ಲಿ ಹುಡುಕಬೇಕೆಂಬುದೂ ಗೊತ್ತಾಯಿತು. ಆ ತಿಗಣೆಗೆ ವೈಜ್ಞಾನಿಕ ಹೆಸರು ಬಂದದ್ದು 1992ರಲ್ಲಿ. ಅದರೊಳಗೆ ಬೆಳೆಯುವ ಅಸೆರೋಫೇಗಸ್ ಪಪಾಯೆ ಎಂಬ ಕಣಜಕ್ಕೆ ಹೆಸರು ಬಂದದ್ದು 2003ರಲ್ಲಿ. ಬೇರೆ ಯಾವುದೋ ದೇಶದಲ್ಲಿ ಇಬ್ಬರು ವರ್ಗೀಕರಣ ತಜ್ಞರು ಕೂತು ಅದನ್ನು ವಿವರಿಸಿದಾಗ ದೇವನಹಳ್ಳಿಯ ತೋಟ ಅವರ ಮನಸ್ಸಿನಲ್ಲಿ ಇರಲಿಲ್ಲ. 2010ರಲ್ಲಿ ಹೆಬ್ಬಾಳದ ಕೃಷಿ ಕೀಟಗಳ ರಾಷ್ಟ್ರೀಯ ಬ್ಯೂರೋ ಆ ಕಣಜವನ್ನು ಪೋರ್ಟೊರಿಕೊದಿಂದ ತರಿಸಿ, ಪರೀಕ್ಷಿಸಿ, ಬೆಳೆಸಿ ಬಿಡುಗಡೆ ಮಾಡಿತು. ತಿಗಣೆಯ ಹಾವಳಿ ಇಳಿದುಹೋಯಿತು. ವಿವರಣೆ ಬರೆಯದೆ ಉಳಿದ ಒಂದೊಂದು ಕಣಜವೂ ನಾಳೆ ಬೇಕಾದಾಗ ಕೈಗೆ ಸಿಗದ ಸಹಾಯ ಎಂದು ನಾನು ಹಟ ಹಿಡಿದು ಹೇಳುವುದು ಇದಕ್ಕೇ.

ಪ್ರಶ್ನೆ: ಬೆಳಗ್ಗೆ ವಾಯುವಿಹಾರಕ್ಕೆ ಹೋಗುವ ಉದ್ಯಾನದಲ್ಲಿ ಒಂದು ಅತ್ತಿಮರವಿದೆ. ಅದರ ಕಾಯಿಗಳ ಮೇಲೆ ಬಾಲದಲ್ಲಿ ಉದ್ದ ಕೂದಲಿನಂಥ ಎಳೆಯಿರುವ ಪುಟ್ಟ ಕಣಜ ಕೂತಿರುತ್ತದೆ. ಕಚ್ಚುತ್ತದೆಯೇ?
– ನಿವೃತ್ತ ಶಿಕ್ಷಕರು, ಬಸವನಗುಡಿ

ಉತ್ತರ: ನಿಮ್ಮ ಮೇಲೆ ಅದಕ್ಕೆ ಯಾವ ಆಸಕ್ತಿಯೂ ಇಲ್ಲ. ಅದು ಕಾಯಿ ಕೊರೆಯುತ್ತಿದೆ. ಅತ್ತಿಯ ಕಾಯೊಳಗೆ ಪರಾಗಸ್ಪರ್ಶ ಮಾಡುವ ಕಣಜಗಳ ಸಂಸಾರವಿರುತ್ತದೆ. ಅಂಥ ಸಂಸಾರದ ಮೇಲೆ ಹೊರಗಿನಿಂದಲೇ ದಾಳಿ ಮಾಡುವ ಕಣಜಗಳೂ ಇವೆ. ಅಪೊಕ್ರಿಪ್ಟ ವೆಸ್ಟ್‌ವುಡೈ ಅವುಗಳಲ್ಲಿ ಒಂದು. ನೀವು ಬಾಲದ ಎಳೆ ಎಂದುಕೊಂಡ, ಕೂದಲಿಗಿಂತ ತೆಳುವಾದ, ಮೊಟ್ಟೆಯಿಡುವ ನಳಿಕೆ ಗಟ್ಟಿ ಕಾಯನ್ನು ಹೇಗೆ ತೂರುತ್ತದೆ ಎಂದು ನಮ್ಮ ಭಾರತೀಯ ವಿಜ್ಞಾನ ಸಂಸ್ಥೆಯವರು ಪರೀಕ್ಷಿಸಿ 2014ರಲ್ಲಿ ಪ್ರಕಟಿಸಿದರು. ನಳಿಕೆಯ ತುದಿಯಲ್ಲಿ ಹಲ್ಲುಗಳಿವೆ, ಆ ಹಲ್ಲುಗಳಲ್ಲಿ ಸತು ಸೇರಿಕೊಂಡು ಅವನ್ನು ಗಟ್ಟಿಯಾಗಿಸಿದೆ. ನಾಳೆ ಹೋದಾಗ ಸ್ವಲ್ಪ ಹೊತ್ತು ನಿಂತು ನೋಡಿ. ಹೊಟ್ಟೆಯನ್ನು ಮೇಲಕ್ಕೆ ಮಡಚಿ ನಳಿಕೆಯನ್ನು ಇಳಿಸುವ ರೀತಿ ನೋಡತಕ್ಕದ್ದು. ರಾತ್ರಿ ದೀಪಕ್ಕೆ ಬರುವ, ಕಿತ್ತಳೆ ಬಣ್ಣದ, ಉದ್ದ ಕಾಲಿನ ಕೆಲವು ಇಕ್ನ್ಯೂಮೊನಿಡ್ ಕಣಜಗಳನ್ನು ಮಾತ್ರ ಬರಿಗೈಯಲ್ಲಿ ಹಿಡಿಯಬೇಡಿ, ಅವು ಚುಚ್ಚಬಲ್ಲವು.

ಪ್ರಶ್ನೆ: ನಾನು ಒಂಬತ್ತನೆಯ ತರಗತಿ. ಹಳದಿ ತಟ್ಟೆಯಲ್ಲಿ ಸೋಪಿನ ನೀರಿಟ್ಟರೆ ಕಣಜ ಬೀಳುತ್ತವೆ ಎಂದು ನಮ್ಮ ಟೀಚರ್ ಹೇಳಿದರು. ಬೆಂಗಳೂರಿನಲ್ಲಿ ಹೊಸ ಪ್ರಭೇದ ಸಿಗುತ್ತದೆಯೇ? ಸಿಕ್ಕರೆ ನನ್ನ ಹೆಸರು ಇಡಬಹುದಾ, ಅಜ್ಜಿಯ ಹೆಸರು ಇಡಬಹುದಾ?
– ವಿದ್ಯಾರ್ಥಿನಿ, ಜಯನಗರ

ಉತ್ತರ: ಸಿಗಬಹುದು ಪುಟ್ಟಿ, ಖಂಡಿತ ಸಿಗಬಹುದು. ಕಣಜ, ಜೇನು, ಇರುವೆಗಳ ವರ್ಗದಲ್ಲಿ ಗಟ್ಟಿ ರೆಕ್ಕೆಯ ದುಂಬಿಗಳಿಗಿಂತಲೂ (ಬೀಟಲ್) ಹೆಚ್ಚು ಪ್ರಭೇದಗಳಿರಬೇಕು ಎಂದು 2018ರ ಒಂದು ಅಧ್ಯಯನ ಲೆಕ್ಕಹಾಕಿತು. ಅದಕ್ಕೆ ಕಾರಣ ಈ ಪರಾವಲಂಬಿ ಕಣಜಗಳೇ. ಅವುಗಳಲ್ಲಿ ಹೆಸರು ಸಿಕ್ಕಿರುವವು ಸ್ವಲ್ಪವೇ. ಲಾಲ್‌ಬಾಗಿಗೋ ಕಾಡಿಗೋ ಹೋಗಬೇಕಾಗಿಲ್ಲ, ನಿಮ್ಮ ಮನೆಯ ದಾಸವಾಳದ ಬುಡ ಸಾಕು.

ತಟ್ಟೆ ಇಡು. ಪಾತ್ರೆ ತೊಳೆಯುವ ದ್ರವ ಒಂದು ತೊಟ್ಟು ಸಾಕು, ಸಂಜೆಗೆ ಸೋಸಿ ಸ್ಪಿರಿಟ್‌ಗೆ ಹಾಕು. ಆದರೆ ತಟ್ಟೆಗೆ ಬಿದ್ದ ಕಣಜ ಯಾವ ಹುಳುವಿನಿಂದ ಬಂತು ಎಂದು ಗೊತ್ತಾಗುವುದಿಲ್ಲ. ಹಾಗಾಗಿ ಬನಶಂಕರಿಯ ಆ ತಾಯಿಯಂತೆ ಎಲೆಯ ಮೇಲಿನ ಹುಳು, ಗಂಟು, ಮೊಟ್ಟೆಗಳನ್ನು ಜಾಡಿಯಲ್ಲಿ ಸಾಕುವುದನ್ನೂ ಕಲಿ. ನನಗೆ ಕೇಳಿದರೆ ಅದೇ ಮೇಲು.

ಹೆಸರಿನ ವಿಷಯ. ತನ್ನ ಹೆಸರನ್ನು ತಾನೇ ಇಟ್ಟುಕೊಳ್ಳಬಾರದು ಎಂದು ನಿಯಮವೇನೂ ಇಲ್ಲ, ಆದರೆ ಯಾರೂ ಹಾಗೆ ಮಾಡುವುದಿಲ್ಲ, ಮರ್ಯಾದೆಯಲ್ಲ ಎಂದು ಬಿಟ್ಟಿದ್ದಾರೆ. ಅಜ್ಜಿಯ ಹೆಸರು ಧಾರಾಳವಾಗಿ ಇಡಬಹುದು. ಕೊನೆಗೆ ಹೆಣ್ಣುಮಕ್ಕಳ ಹೆಸರಿಗೆ ಸೇರಿಸುವ ಲ್ಯಾಟಿನ್ ಪ್ರತ್ಯಯ ಸೇರಿಸಬೇಕು, ಆ ಕುಲದಲ್ಲಿ ಅದೇ ಹೆಸರು ಮೊದಲೇ ಬಳಕೆಯಾಗಿರಬಾರದು, ಅಷ್ಟೇ. ಇಡುವವರು ವಿವರಣೆ ಬರೆದವರು. ಆದ್ದರಿಂದ ನೀನು ಬರೆಯುವುದನ್ನೂ ಕಲಿಯಬೇಕು, ಇಲ್ಲವೇ ಬರೆಯುವವರ ಜೊತೆ ಕೆಲಸ ಮಾಡಬೇಕು.

ಇನ್ನೊಂದು ಮಾತು ಟೀಚರಿಗೂ ಹೇಳು. ನಮ್ಮ ದೇಶದಲ್ಲಿ ಹೊಸ ಪ್ರಭೇದ ಕಂಡುಹಿಡಿದವರು ಅದರ ಮಾದರಿಯನ್ನು ಸರ್ಕಾರ ಗೊತ್ತುಮಾಡಿದ ಭಂಡಾರದಲ್ಲಿ ಇಡಬೇಕೆಂದು 2002ರ ಜೀವವೈವಿಧ್ಯ ಕಾಯ್ದೆಯ 39ನೆಯ ಕಲಮು ಹೇಳುತ್ತದೆ. ಕೃಷಿಗೆ ಸಂಬಂಧಿಸಿದ ಕೀಟಗಳಿಗೆ ಅಂಥ ಭಂಡಾರ ಹೆಬ್ಬಾಳದಲ್ಲಿಯೇ ಇದೆ, ಬಳ್ಳಾರಿ ರಸ್ತೆಯಲ್ಲಿ. ಸೀಸೆ, ಚೀಟಿ ಸಿದ್ಧವಾದ ಮೇಲೆ ಈ ಪತ್ರಿಕೆಯ ವಿಳಾಸಕ್ಕೆ ಒಂದು ಕಾಗದ ಬರಿ. ಕಣಜವನ್ನು ಅಂಚೆಯಲ್ಲಿ ಕಳಿಸಬೇಡ, ಮೀಸೆ ಮುರಿಯುತ್ತದೆ.